ಗಟ್ಟಿ ಟೈರಿನ ಎದುರು ಪಂಪಕ್ಕ

ಪಂಪಕ್ಕ ತನ್ನ ಸೈಕಲ್ಲಿನ ಪಂಪನ್ನು ಯಾರ ಕೈಗೂ ಕೊಟ್ಟವಳಲ್ಲ. ದಾರಿಯಲ್ಲಿ ಯಾರದೋ ಟೈರು ಕೂತಿದ್ದರೆ ತಾನೇ ಇಳಿದು, ಪಂಪು ಬಿಚ್ಚಿ, ಸೊಂಟ ಬಗ್ಗಿಸಿ ಗಾಳಿ ಹೊಡೆದು ಕೊಡುತ್ತಿದ್ದಳು. "ಪಂಪು ಕೊಟ್ರೆ ವಾಪಸ್ ಬರಲ್ಲ. ಗಾಳಿ ವಾಪಸ್ ಬರದಿದ್ರೂ ನಡೆಯುತ್ತೆ" ಎನ್ನುವುದು ಅವಳ ವಾದ. ಹೀಗಾಗಿ ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಮಿಕ್ಕ ಕಡೆಯೆಲ್ಲ ಅವಳು ಪಂಪಕ್ಕನೇ ಆಗಿಹೋಗಿದ್ದಳು.

ಕೆಲಸ ಒಂದು ದೊಡ್ಡ ಲ್ಯಾಬಿನಲ್ಲಿ. ಸೈಕಲ್ಲಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಹಳೆಯ ಬಡಾವಣೆಯ ಸಣ್ಣ ಸಣ್ಣ ಕ್ಲಿನಿಕ್ಕುಗಳಿಗೆ ಹೋಗಬೇಕು. ಜನರಿಂದ ತೆಗೆದ ರಕ್ತದ ಸೀಸೆಗಳನ್ನು ಪೆಟ್ಟಿಗೆಗೆ ತುಂಬಿಕೊಂಡು, ಐಸ್ ಕರಗುವ ಮೊದಲು ಲ್ಯಾಬಿನ ಕಿಟಕಿಗೆ ಒಪ್ಪಿಸಬೇಕು. ವ್ಯಾನು ನುಗ್ಗದ ಓಣಿಗಳು ಅವು. ಎರಡು ಕಡೆಯ ಗೋಡೆಗಳೂ ಮೊಣಕೈಗೆ ತಾಗುತ್ತವೆ. ನೆಲಕ್ಕೆ ಯಾವ ಕಾಲದಲ್ಲೋ ಹಾಸಿದ ಗುಂಡುಕಲ್ಲು. ಒಂದು ಎದ್ದಿದ್ದರೆ ಇನ್ನೊಂದು ಕುಸಿದಿರುತ್ತದೆ. ಅಂಥ ಓಣಿಗಳಲ್ಲಿ ಸೈಕಲ್ಲಿನವರು ಏಳು ಮಂದಿ ದುಡಿಯುತ್ತಿದ್ದರು. ಅವರಲ್ಲಿ ಹೆಂಗಸು ಇವಳೊಬ್ಬಳೇ, ವಯಸ್ಸಿನಲ್ಲೂ ಇವಳೇ ಹಿರಿಯಳು.

ಸೈಕಲ್ಲಿಗೆ ಬರುವ ಮೊದಲು ಇದೇ ಲ್ಯಾಬಿನ ಬಾಟಲಿ ತೊಳೆಯುವ ಕೋಣೆಯಲ್ಲಿ ವರ್ಷಗಟ್ಟಲೆ ನಿಂತಿದ್ದಳು. ಕಿಟಕಿ ಇಲ್ಲದ ಕೋಣೆ. ಕುದಿಯುವ ನೀರಿನ ಹಬೆ, ಮೂಗು ಸುಡುವ ಪುಡಿ, ಕೈಗವಸಿನೊಳಗೆ ಬೆವರು. ಬೆರಳ ಸಂದಿಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ಅಲ್ಲಿಂದ ಸೈಕಲ್ಲಿಗೆ ಬದಲಿ ಸಿಕ್ಕ ದಿನ ಮನೆಗೆ ಬಂದು, "ಇನ್ನು ಆ ಕೋಣೆಗೆ ನನ್ನ ಹೆಣ ಹೋಗಬೇಕು, ನಾನು ಹೋಗಲ್ಲ" ಎಂದಿದ್ದಳು. ಅತ್ತೆ ತರಕಾರಿ ಹೆಚ್ಚುತ್ತಾ ತಲೆ ಎತ್ತದೆ, "ಹೆಣ ತೊಳೆಯೋಕೆ ಬೇರೆ ಕೋಣೆ ಇರುತ್ತೆ ಕಣೇ" ಎಂದಿದ್ದರು. ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಉದುರಿದ್ದನ್ನು ಆ ಮನೆಯ ಗೋಡೆಗಳೂ ಕೇಳಿಲ್ಲ.

ಹೀಗೆ ಸಾಗುತ್ತಿದ್ದ ಬಾಳಿಗೆ ಗಟ್ಟಿ ಟೈರು ಬಂದು ಬಡಿಯಿತು.

ಅದಕ್ಕೊಂದು ಕಾರಣವೂ ಇತ್ತು, ಇಲ್ಲವೆನ್ನುವ ಹಾಗಿಲ್ಲ. ಒಬ್ಬ ಸೈಕಲ್ಲಿನವನಿಗೆ ಬಿರುಬಿಸಿಲಲ್ಲಿ ಪಂಕ್ಚರ್ ಆಗಿ, ಐಸ್ ಕರಗಿ, ಪೆಟ್ಟಿಗೆಯಲ್ಲಿದ್ದ ರಕ್ತವೆಲ್ಲ ಕೆಟ್ಟಿತು. ಕಾಯಿಲೆಯವರನ್ನು ಮತ್ತೆ ಕರೆಸಿ ಮತ್ತೆ ಸೂಜಿ ಚುಚ್ಚಬೇಕಾಯಿತು. ಒಬ್ಬ ಮುದುಕನಂತೂ ಕಿಟಕಿಯ ಮುಂದೆ ನಿಂತು, "ನಾನೇನು ನಲ್ಲಿನಾ?" ಎಂದು ಕೂಗಾಡಿ ಹೋದ. ಮೇಲಿನವರು ಸ್ಟೋರ್ ಸಾಹೇಬರನ್ನು ಕರೆದು ಉಗಿದರು. ಸೈಕಲ್ಲು, ಟೈರು, ಪೆಟ್ಟಿಗೆ ಎಲ್ಲವನ್ನೂ ಕೊಳ್ಳುವವರು ಈ ಸಾಹೇಬರು. ಯಾರು ಯಾವ ಕೆಲಸಕ್ಕೆ ಎಂದು ಹಂಚುವವರೂ ಇವರೇ. ಉಗಿಸಿಕೊಂಡವರು ಹೋಗಿ ಗಾಳಿಯೇ ಬೇಡದ ಟೈರು ತಂದರು. ಒಳಗೆ ಟ್ಯೂಬಿಲ್ಲ, ಪೂರ್ತಿ ರಬ್ಬರಿನ ದಿಂಡು. ಮೊಳೆ ಚುಚ್ಚಿದರೂ ಏನೂ ಆಗುವುದಿಲ್ಲ. ಏಳೂ ಸೈಕಲ್ಲುಗಳ ಹಳೆಯ ಚಕ್ರ ಬಿಚ್ಚಿ ಹಿತ್ತಲಿನ ಗುಜರಿ ರಾಶಿಗೆ ಎಸೆದು, ಹೊಸ ಚಕ್ರ ಸಮೇತ ಗಟ್ಟಿ ಟೈರು ಕೂರಿಸಿದರು.

ಮೊದಲ ದಿನವೇ ಪಂಪಕ್ಕನ ಮಂಡಿ ಮಾತಾಡಿತು. ಕಲ್ಲಿನ ಓಣಿ ಹತ್ತುವಾಗ ಯಾರೋ ಹಿಂದಿನಿಂದ ಪೆಟ್ಟಿಗೆ ಹಿಡಿದು ಜಗ್ಗಿದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಪೆಡಲ್ ತುಳಿಯುವುದು ಬಿಟ್ಟ ಕೂಡಲೇ ಸೈಕಲ್ಲು ಹಟ ಹಿಡಿದ ಎಮ್ಮೆಯ ಹಾಗೆ ನಿಲ್ಲುತ್ತಿತ್ತು. ವಾರ ಕಳೆಯುವುದರೊಳಗೆ ಎಲ್ಲರೂ ಕಿಟಕಿಗೆ ತಡವಾಗತೊಡಗಿದರು. ಸಾಹೇಬರು ಗೋಡೆಗೆ ನೋಟಿಸ್ ಅಂಟಿಸಿದರು: ಪಂಕ್ಚರ್ ಎಂಬ ನೆಪ ಇನ್ನು ಇಲ್ಲ, ಮೂರು ತಿಂಗಳ ನಂತರವೂ ಪದೇ ಪದೇ ತಡವಾಗುವವರನ್ನು ಬಾಟಲಿ ಕೋಣೆಗೆ ಹಾಕಲಾಗುವುದು.

ನೋಟಿಸ್ ಓದಿದ ಪಂಪಕ್ಕ ನೇರ ಸ್ಟೋರಿಗೆ ನಡೆದಳು. ಜೊತೆಗೆ ಉದ್ದಣ್ಣನೂ ಇದ್ದ. ಸೈಕಲ್ಲಿನವರಲ್ಲಿ ಎತ್ತರದವನು, ಸೀಟು ಎಷ್ಟು ಮೇಲೆತ್ತಿದರೂ ಮಂಡಿ ಹ್ಯಾಂಡಲ್ಲಿಗೆ ಬಡಿಸಿಕೊಳ್ಳುವವನು.

"ಟೈರು ಎಳೀತಾ ಇದೆ ಸರ್. ಕಾಲು ಬರ್ತಿಲ್ಲ" ಎಂದಳು.

"ವಯಸ್ಸಾಗ್ತಾ ಕಾಲು ಬರಲ್ಲಮ್ಮ. ಟೈರಿಗೇನು ಗೊತ್ತು?"

"ಉದ್ದಣ್ಣನಿಗೆ ಇನ್ನೂ ಮೂವತ್ತಾಗಿಲ್ಲ. ಅವನಿಗೂ ಎಳೀತಿದೆ."

"ನೋಡಮ್ಮ, ನಿಮಗೆ ಎಳೆದಂಗೆ ಅನ್ನಿಸುತ್ತೆ. ನಿಮಗೆ ಅನ್ನಿಸ್ತು ಅಂತ ನಾನು ಟೈರು ಬದಲಾಯಿಸೋಕಾಗಲ್ಲ. ಕಂಪನಿಯವರು ಕಾಗದದಲ್ಲಿ ಕೊಟ್ಟಿದಾರೆ, ಗಾಳಿ ಟೈರಿಗೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ. ಇದೆ ಅಂತೀರಾ, ಅಳೆದು ತೋರಿಸಿ."

ಮನವಿ ಹಿಡಿದು ಹೋದವರಿಗೆ ಅಧಿಕಾರಿ ಕೊಡುವ ಹಳೆಯ ಪೆಟ್ಟು ಇದು. ತೋರಿಸಿ ಎನ್ನುವುದು ಕೇಳುವುದಕ್ಕೆ ನ್ಯಾಯವಾಗಿಯೇ ಇರುತ್ತದೆ. ಅಳೆಯುವ ಕೋಲು ಯಾರ ಹತ್ತಿರ ಇದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಉದ್ದಣ್ಣ ಹೊರಗೆ ಬಂದು, "ಆಯ್ತು ಬಿಡಕ್ಕ, ಕಥೆ ಮುಗೀತು" ಎಂದ. ಪಂಪಕ್ಕ ಗುಜರಿ ರಾಶಿಯಿಂದ ತನ್ನ ಎರಡು ಹಳೆಯ ಚಕ್ರಗಳನ್ನು ಎಳೆದು ತೆಗೆದು, ಭುಜಕ್ಕೊಂದರಂತೆ ಹಾಕಿಕೊಂಡು ಸೈಕಲ್ಲು ತಳ್ಳುತ್ತಾ ಮನೆಗೆ ಹೊರಟಳು.

ಮನೆ ಒಂದು ಇಳಿಜಾರಿನ ಬುಡದಲ್ಲಿತ್ತು. ಮುಂದಿನ ಬೀದಿ ಸಿಮೆಂಟಿನದು, ಮೇಲಿನಿಂದ ನುಣ್ಣಗೆ ಇಳಿದು ಮನೆ ಮುಂದೆ ಸಮವಾಗುತ್ತದೆ. ಗಂಡ ದರ್ಜಿ. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮೆಷಿನ್ನು. ಮೆಷಿನ್ನಿನ ಮುಂದೆ ಗಂಡ. ಗಂಡನ ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, ಸೂಜಿಗಳನ್ನು ಒಂದೊಂದಾಗಿ ತೆಗೆದು, "ಅಂದ್ರೆ ಸೈಕಲ್ಲಿಗೂ ಅಳತೆ ತಗೋಬೇಕು ಅಂತೀಯ" ಎಂದ.

"ತುಳಿಯದೆ ಮೇಲಿನಿಂದ ಬಿಟ್ಟರೆ ಯಾವ ಟೈರು ಎಷ್ಟು ದೂರ ಉರುಳುತ್ತೆ, ಅಷ್ಟೇ. ಎಳೆಯೋದು ಬೇಗ ನಿಲ್ಲುತ್ತೆ, ಎಳೆಯದೇ ಇರೋದು ದೂರ ಹೋಗುತ್ತೆ. ಇದಕ್ಕೇನು ದೊಡ್ಡ ವಿದ್ಯೆ ಬೇಕಾ?"

ವಿದ್ಯೆ ಬೇಕಿರಲಿಲ್ಲ. ಆದರೆ ಬೇಕಾದ ತಾಳ್ಮೆ ಅವಳು ಹುಟ್ಟುವಾಗ ಕೇಳಿಕೊಂಡು ಬಂದದ್ದಲ್ಲ.

ಮೊದಲ ಭಾನುವಾರ ಕಾಲಿನಿಂದ ನೆಲ ಒದ್ದು ಹೊರಟಳು. ಮೂರು ಸಲ ಮೂರು ಜಾಗದಲ್ಲಿ ನಿಂತಳು, ಅದೂ ಒಂದೇ ಟೈರಿನಲ್ಲಿ. ಒದೆ ಒಂದೇ ಸಮ ಬೀಳುತ್ತಿಲ್ಲ ಎಂದು ಗೊತ್ತಾಗಿ, ಗಂಡನನ್ನು ಮೇಲೆ ನಿಲ್ಲಿಸಿ ಕ್ಯಾರಿಯರ್ ಹಿಡಿಸಿದಳು. ಮೇಲೆ ದೀಪದ ಕಂಬದ ಪಕ್ಕ ಎಳೆದ ಗೆರೆಯನ್ನು ಮುಂದಿನ ಚಕ್ರ ಮುಟ್ಟಿರಬೇಕು. ಅವಳು ಎರಡೂ ಪೆಡಲ್ಲು ಸಮ ಮಾಡಿ, ಗದ್ದ ಹ್ಯಾಂಡಲ್ಲಿಗೆ ತಾಗುವಷ್ಟು ಬಗ್ಗಿ ಕೂತ ಮೇಲೆ ಅವನು ಕೈ ಬಿಡಬೇಕು.

"ಬಿಡ್ಲಾ?"

"ಬಿಡು."

"ಬಿಟ್ಟೆ."

"ಬಿಟ್ಟೆ ಅಂತ ಹೇಳ್ತಾ ತಳ್ಳಿದೆ ನೀನು."

"ಇಪ್ಪತ್ತೈದು ವರ್ಷದಿಂದ ಹೇಳ್ತಿದೀಯ, ನಾನು ಯಾವುದಕ್ಕೂ ಮುಂದೆ ಬರಲ್ಲ ಅಂತ. ಈಗ ತಳ್ಳಿದೆ ಅಂತೀಯ."

ಆಮೇಲೆ ಗಾಳಿ. ಮಧ್ಯಾಹ್ನವಾದರೆ ಇಳಿಜಾರಿನ ಕೆಳಗಿನಿಂದ ಗಾಳಿ ಎದ್ದು ಎದೆಗೆ ತಡೆಯುತ್ತಿತ್ತು, ಮೇಲಂಗಿ ಗೋಣಿಚೀಲದ ಹಾಗೆ ಉಬ್ಬುತ್ತಿತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎಂದು ಜನ ಸುಮ್ಮನೆ ಹೇಳುವುದಿಲ್ಲ. ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಮಾಡಬೇಕು ಎಂದಾಯಿತು. ಬೆಳಿಗ್ಗೆ ಹೋದರೆ ಬೀದಿಯ ನಾಯಿ ಸರಿಯಾಗಿ ಸೈಕಲ್ಲು ನಿಲ್ಲುವ ಜಾಗದಲ್ಲೇ ಮಲಗಿರುತ್ತಿತ್ತು. ನಾಯಿಯನ್ನು ಎಬ್ಬಿಸಿದರೆ ಅದು ಪಕ್ಕದಲ್ಲೇ ಓಡುತ್ತಾ ಬರುತ್ತಿತ್ತು. ಬ್ರೇಕಿನ ರಬ್ಬರು ರಿಮ್ಮಿಗೆ ಉಜ್ಜುತ್ತಿದೆ ಎಂದು ಒಂದು ಭಾನುವಾರ ಪೂರ್ತಿ ದಂಡವಾಯಿತು. ಹೊಸ ಚಕ್ರದ ಬೇರಿಂಗ್ ಗುಂಡುಗಳು ಬಿಗಿಯಾಗಿದ್ದವು. ಅದು ಟೈರಿನ ತಪ್ಪಲ್ಲವಲ್ಲ ಎಂದು, ಎರಡೂ ಚಕ್ರಗಳನ್ನು ಎತ್ತಿ ಕೈಯಲ್ಲಿ ತಿರುಗಿಸಿ, ಒಂದೇ ಸಮ ತಿರುಗುವವರೆಗೆ ಸಡಿಲಿಸಿ ಗ್ರೀಸು ತುಂಬಿದಳು. ಪೆಟ್ಟಿಗೆಗೆ ಐಸಿನ ಬದಲು ಇಟ್ಟಿಗೆ ಹಾಕಿದಳು. ಟೈರಿಗಾಗಿ ಚಕ್ರ ಬಿಚ್ಚುವುದು, ಹಾಕುವುದು, ಬಿಚ್ಚುವುದು, ಹಾಕುವುದು. ಬೆರಳಿನ ಗಿಣ್ಣುಗಳೆಲ್ಲ ಸುಲಿದು ಕೆಂಪಾದವು. ಹೋಗಿ ಬರುವವರು ನಿಂತು ನೋಡಿ, "ಏನು ಪಂಪಕ್ಕ, ಸರ್ಕಸ್ಸಿಗೆ ಸೇರ್ಕೊಂಡ್ಯಾ?" ಎನ್ನುತ್ತಿದ್ದರು.

ನಿಂತ ಜಾಗಕ್ಕೆ ಗುರುತು ಹಾಕುವ ಕೆಲಸ ಅತ್ತೆಗೆ ಬಿತ್ತು. ಮನೆ ಮೆಟ್ಟಿಲ ಮೇಲೆ ದಿನವೂ ಕೂರುತ್ತಿದ್ದವರು. ಕೈಗೊಂದು ಸೀಮೆಸುಣ್ಣ ಕೊಟ್ಟರೆ ಕೂತದ್ದಕ್ಕೂ ಅರ್ಥ ಬರುತ್ತದೆ ಎಂದು ಮಗನೇ ಕೊಟ್ಟ. ಗಟ್ಟಿ ಟೈರಿಗೆ ಬಿಳಿ, ಗಾಳಿ ಟೈರಿಗೆ ದರ್ಜಿ ಬಟ್ಟೆಗೆ ಗೆರೆ ಎಳೆಯುವ ನೀಲಿ. ಸೈಕಲ್ಲು ನಿಂತ ಕೂಡಲೇ ಪಂಪಕ್ಕ ಧುಮುಕಿ, ಅದನ್ನು ತಿರುಗಿಸಿ, ಹಲ್ಲು ಕಚ್ಚಿ ದಿಬ್ಬ ಹತ್ತಿಸುತ್ತಿದ್ದಳು. ಅತ್ತೆ ಹಿಂದಿನಿಂದ ಕೋಲೂರಿಕೊಂಡು ಬಂದು ಬಗ್ಗಿ ಗುರುತು ಎಳೆಯುತ್ತಿದ್ದರು. ಎಲ್ಲ ಮುಗಿದ ಮೇಲೆ ದರ್ಜಿ ಟೇಪು ಹಿಡಿದು ಅಳೆಯುತ್ತಿದ್ದ. ಅಂಗಿ ಅಳೆಯುವ ಟೇಪಿನಲ್ಲಿ ಬೀದಿ ಅಳೆಯುವುದು ಮೊಣಕಾಲಿಗೆ ಬಂದ ಶಿಕ್ಷೆ. ಅವನು ನೆಲದ ಮೇಲೆ ತೆವಳುತ್ತಿದ್ದರೆ ಅತ್ತೆ, "ನಿನ್ನಪ್ಪ ನೋಡಿದ್ರೆ, ಮಗ ಮತ್ತೆ ಅಂಬೆಗಾಲಿಗೆ ಬಂದ ಅಂತಿದ್ರು" ಎಂದರು.

ಅಂತೂ ಫಲ ಸಿಕ್ಕಿತು. ಬಿಳಿ ಗೆರೆಗಳೆಲ್ಲ ಹಿಂದೆ, ನೀಲಿ ಗೆರೆಗಳೆಲ್ಲ ಮುಂದೆ. ನಡುವೆ ಒಂದು ಮಂಚ ಹಾಕಬಹುದಿತ್ತು. ಪಂಪಕ್ಕ ಅಳತೆಗಳನ್ನು ಒಂದು ಹಾಳೆಗೆ ಇಳಿಸಿ ಸ್ಟೋರ್ ಸಾಹೇಬರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಇಷ್ಟೊಂದಾ?" ಎಂದರು. "ಸರಿ, ಇದನ್ನ ಮೇಲಕ್ಕೆ ಕಳಿಸ್ತೀನಿ. ಅವರು ಏನಂತಾರೋ ನೋಡೋಣ." ಆ ಸಂಜೆ ಉದ್ದಣ್ಣ ಅವಳ ಹ್ಯಾಂಡಲ್ಲಿಗೆ ಒಂದು ಹೂವು ಸಿಕ್ಕಿಸಿ ಹೋದ. ಅವಳು ಅದನ್ನು ಕಿತ್ತು ಎಸೆದು, "ಟೈರು ಬಂದ ಮೇಲೆ ಹೂವು" ಎಂದಳು. ಮುಖ ಮಾತ್ರ ಅರಳಿಯೇ ಇತ್ತು.

ಮುಂದಿನ ಭಾನುವಾರ ಅತ್ತೆ ನೆಗಡಿಯಾಗಿ ಒಳಗೆ ಮಲಗಿದ್ದರು. ಮೇಲಿನವರು ಕೇಳಿದರೆ ಕೈಯಲ್ಲಿ ಇನ್ನಷ್ಟು ಅಳತೆ ಇರಲಿ ಎಂದು ಪಂಪಕ್ಕ ಮತ್ತೆ ಇಳಿಜಾರಿಗೆ ಹೋದಳು. ಈ ಸಲ ಕೈ ಬಿಟ್ಟವನೂ ದರ್ಜಿಯೇ, ಓಡಿ ಬಂದು ಗುರುತು ಹಾಕಿದವನೂ ದರ್ಜಿಯೇ. ಟೇಪು ಹಿಡಿದು ತೆವಳಿ ಎದ್ದವನು ತಲೆ ಕೆರೆದುಕೊಂಡ. ಅವಳೇ ಬಂದು ನೋಡಿದಳು. ಬಿಳಿ, ನೀಲಿ, ನೀಲಿ, ಬಿಳಿ, ಎಲ್ಲ ಒಂದರ ಮೇಲೊಂದು ಮಲಗಿದ್ದವು. ನೀಲಿ ಎಲ್ಲೋ ಒಂದು ಕೂದಲೆಳೆ ಮುಂದೆ.

"ಎಲ್ಲಿ ಹೋಯ್ತು?" ಎಂದಳು, ಕಳೆದುಹೋದ ಸರ ಹುಡುಕುವವಳ ಹಾಗೆ.

ಗಾಳಿ ಇರಲಿಲ್ಲ. ಬ್ರೇಕು ಉಜ್ಜುತ್ತಿರಲಿಲ್ಲ. ನಾಯಿಯನ್ನು ಕಟ್ಟಿಹಾಕಿಯಾಗಿತ್ತು. ಗಾಳಿ ಟೈರು ಕಲ್ಲಿನ ಹಾಗೆ ಬಿಗಿಯಾಗಿತ್ತು. ಮತ್ತೆ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಉರುಳಿಸಿದಳು. ಅದೇ ಫಲ. ನಟ್ಟು ಬಿಚ್ಚುವ ಸ್ಪ್ಯಾನರನ್ನು ಬೀದಿಗೆ ಎಸೆದಳು. ಆಮೇಲೆ ಚರಂಡಿಯ ಪಕ್ಕ ಮಂಡಿಯೂರಿ ಹುಡುಕಿ ತಂದಳು. ಸಿಟ್ಟು ಬಂದಾಗ ಬಡವರು ಎಸೆಯುವುದನ್ನೆಲ್ಲ ಮತ್ತೆ ತಾವೇ ಹೆಕ್ಕಬೇಕು.

ಅತ್ತೆಯ ನೆಗಡಿ ಇಳಿಯಿತು. ಅವರು ಮೆಟ್ಟಿಲಿಗೆ ಬಂದು ಕೂತ ಭಾನುವಾರ ನೀಲಿ ಗೆರೆ ಮತ್ತೆ ಜಿಗಿದು ಮುಂದೆ ಹೋಯಿತು.

ಪಂಪಕ್ಕ ಬಗ್ಗಿ ಆ ಗೆರೆಯನ್ನು ನೋಡಿದಳು. ಇನ್ನೊಂದು ಸಲ ಗಾಳಿ ಟೈರಿನಲ್ಲಿ ಇಳಿದು ಬಂದಳು, ಸೈಕಲ್ಲು ತಿರುಗಿಸಿದಳು, ಎರಡು ಹೆಜ್ಜೆ ದಿಬ್ಬದ ಕಡೆ ತಳ್ಳಿ ಥಟ್ಟನೆ ಹಿಂದೆ ನೋಡಿದಳು. ಅತ್ತೆ ಚಕ್ರ ನಿಂತ ಜಾಗವನ್ನು ದಾಟಿ, ಕೋಲೂರಿಕೊಂಡು ಆರಾಮವಾಗಿ ಮುಂದೆ ಹೋಗುತ್ತಿದ್ದರು. ಒಳ್ಳೆಯ ಜಾಗ ಕಂಡ ಮೇಲೆ ಬಗ್ಗಿ ಗೆರೆ ಎಳೆದರು.

"ಅತ್ತೆ."

"ಏನೀಗ? ಎರಡು ಗೇಣು ಮುಂದೆ ಹಾಕಿದೆ."

"ಎರಡು ಗೇಣಲ್ಲ, ಎರಡು ಮಾರು."

"ನನ್ನ ಗೇಣು ದೊಡ್ಡದು."

"ಯಾವಾಗಿಂದ ಹಿಂಗೆ?"

"ಮೊದಲಿಂದ. ಮತ್ತೇನು ಮಾಡ್ಬೇಕಿತ್ತು? ದಿನಾ ಸಂಜೆ ಮಂಡಿಗೆ ಎಣ್ಣೆ ಹಚ್ಕೊಂಡು ನರಳೋದು ನೀನು. ಆ ಬಾಟಲಿ ಕೋಣೆಗೆ ಹಾಕಿದ್ರೆ ರಾತ್ರಿಯೆಲ್ಲ ಕೈ ಕೆರೀತಾ ನಿದ್ದೆ ಕೆಡಿಸೋದು ನೀನು. ನನಗೂ ನಿದ್ದೆ ಬೇಡ್ವಾ? ನಮ್ಮ ಮನೆ ಟೈರು ನಮ್ಮ ಮನೆ ಮುಂದೇನೇ ಸೋಲಬೇಕಾ?"

ಪಂಪಕ್ಕನಿಗೆ ಬಯ್ಯಲು ಬಾಯಿ ಬರಲಿಲ್ಲ. ಹೊಗಳಲು ಮನಸ್ಸು ಬರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮುದುಕಿ ತನ್ನ ಪರವಾಗಿ ಮಾಡಿದ್ದು ಇದೊಂದೇ, ಅದನ್ನೂ ಹೀಗೆ ಮಾಡಿದರಲ್ಲ ಎಂದು ಸೈಕಲ್ಲನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತಳು. ದರ್ಜಿ ಮೇಲಿನಿಂದ, "ಇನ್ನೊಂದ್ಸಲ ಬಿಡೋದಾ, ಬೇಡ್ವಾ?" ಎಂದು ಕೂಗುತ್ತಲೇ ಇದ್ದ.

ಆದರೆ ಮಂಡಿ ಸುಳ್ಳು ಹೇಳುತ್ತಿರಲಿಲ್ಲ. ಇದೇ ಅವಳನ್ನು ಕೊರೆಯುತ್ತಿದ್ದದ್ದು. ಟೈರು ಎಳೆಯುತ್ತಿರುವುದು ನಿಜ, ಅಳತೆಯಲ್ಲಿ ಮಾತ್ರ ಸಿಗುತ್ತಿಲ್ಲ. ಸೋಮವಾರ ಕೆಲಸಕ್ಕೆ ಹೋಗುವಾಗ ಗಮನವಿಟ್ಟು ತುಳಿದಳು. ದೊಡ್ಡ ರಸ್ತೆಯಲ್ಲಿ ಎಳೆತ ಇಲ್ಲ. ಕಲ್ಲಿನ ಓಣಿಗೆ ತಿರುಗಿದ ಕೂಡಲೇ ಹಲ್ಲು ಅದುರಿತು, ಕಾಲು ಭಾರವಾಯಿತು. ಗಾಳಿ ಟೈರು ಕಲ್ಲಿನ ಮೂತಿಯನ್ನು ತನ್ನ ಹೊಟ್ಟೆಯೊಳಗೆ ತೆಗೆದುಕೊಂಡು ಮುಂದೆ ಹೋಗುತ್ತದೆ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಜಗಳಕ್ಕೆ ನಿಂತು, ಪೆಟ್ಟಿಗೆ ಸಮೇತ ಕೂತವಳನ್ನು ಎತ್ತಿ ಎತ್ತಿ ಹಾಕುತ್ತದೆ. ನುಣುಪಾದ ಸಿಮೆಂಟಿನ ಮೇಲೆ ಅಳೆದು ಅಳೆದು ತಾನು ಇಷ್ಟು ಭಾನುವಾರ ಕಳೆದೆನಲ್ಲ ಎಂದು ತನಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಮನೆಯ ಹಿಂದೆಯೇ ಅಂಥದೊಂದು ಕಲ್ಲು ಹಾಸಿದ ಇಳಿಜಾರು ಓಣಿ ಇತ್ತು, ಕ್ಷೌರದಂಗಡಿಯ ಮುಂದೆ ಹಾದು ಹೋಗುವಂಥದು. ಅಲ್ಲಿ ಉರುಳಿಸಿದಳು. ಗುರುತು ಹಾಕಿದವನು ಕ್ಷೌರಿಕ. ಅವನಿಗೆ ಯಾವ ಟೈರು ಯಾವುದು ಎಂದು ಹೇಳಲೇ ಇಲ್ಲ. ಗಟ್ಟಿ ಟೈರು ಪ್ರತಿ ಸಲವೂ ಬೀದಿ ನಲ್ಲಿಯ ಹತ್ತಿರ ಗಡಗಡ ನಡುಗಿ ನಿಂತಿತು. ಗಾಳಿ ಟೈರು ನಲ್ಲಿ ದಾಟಿ ಅಂಗಡಿಯ ಮೆಟ್ಟಿಲಿಗೆ ಬಂತು. ಇದು ಗೇಣಿನ ಮಾತೂ ಅಲ್ಲ, ಮಾರಿನ ಮಾತೂ ಅಲ್ಲ. ನಾಲ್ಕು ಮನೆಗಳ ಅಂತರ.

ಈಗ ನಿಜವಾದ ಅಳತೆ ಕೈಯಲ್ಲಿತ್ತು, ಸುಳ್ಳಿನ ಅಳತೆ ಸಾಹೇಬರ ಮೇಜಿನ ಮೇಲಿತ್ತು. ಉದ್ದಣ್ಣನಿಗೆ ಹೇಳಿದಳು. ಅವನು ಸೈಕಲ್ಲಿನಿಂದ ಇಳಿಯಲೂ ಇಲ್ಲ.

"ಸುಮ್ನಿರಕ್ಕ. ಅವರು ಒಪ್ಕೊಂಡಾಗಿದೆ. ಟೈರು ಎಳೆಯೋದು ನಿಜ ತಾನೆ?"

"ಸಿಮೆಂಟಿನ ಮೇಲೆ ಎಳೆಯಲ್ಲ."

"ಏಳು ಜನರ ಮಂಡಿ ಇದೆ. ಅದರ ಮುಂದೆ ನಿಮ್ಮತ್ತೆ ಗೇಣು ಯಾವ ಲೆಕ್ಕ?"

"ಮೇಲಿನವರು ತಮ್ಮ ಅಂಗಳದಲ್ಲಿ ಉರುಳಿಸಿ ನೋಡಿದ್ರೆ? ಅದೂ ಸಿಮೆಂಟೇ. ಅಲ್ಲಿ ಎರಡೂ ಒಂದೇ ಕಡೆ ನಿಂತ್ರೆ ನಮ್ಮ ಕಲ್ಲಿನ ಮಾತು ಆಮೇಲೆ ಯಾರು ಕೇಳ್ತಾರೆ? ಕಳ್ಳರು ಅಂತಾರೆ. ಅಲ್ಲಿಗೆ ಮುಗೀತು."

"ನೋಡಿದಾಗ ನೋಡ್ಕೊಳ್ಳೋಣ."

"ಸಿಕ್ಕಿಬಿದ್ದಾಗ ನೋಡ್ಕೊಳ್ಳೋಣ ಅಂದವರೆಲ್ಲ ಸಿಕ್ಕಿಬಿದ್ದೇ ನೋಡಿದ್ದು ಕಣೋ."

ಸತ್ಯಕ್ಕೆ ಜಯ ಎಂಬ ನಂಬಿಕೆಯಿಂದ ಅವಳು ಹೀಗೆ ಹೇಳಲಿಲ್ಲ. ಸತ್ಯ ಸೋತದ್ದನ್ನು ಬೇಕಾದಷ್ಟು ಕಂಡವಳು. ಆದರೆ ಮನವಿಯಲ್ಲಿ ಒಂದು ಸಾಲು ಸುಳ್ಳಿದ್ದರೆ ಎದುರಿನವನು ಉಳಿದ ಸಾಲು ಓದುವುದಿಲ್ಲ. ಆ ಒಂದು ಸಾಲನ್ನೇ ಹಿಡಿದು ಬಾರಿಸುತ್ತಾನೆ. ಅಷ್ಟು ಬುದ್ಧಿ ಅವಳಿಗಿತ್ತು. ಹೋಗಿ ಸಾಹೇಬರ ಮುಂದೆ ನಿಂತು, ಮೊದಲು ಕೊಟ್ಟ ಅಳತೆ ತಪ್ಪು, ಗುರುತು ಹಾಕಿದವರು ಮುಂದೆ ಮುಂದೆ ಹಾಕಿದ್ದಾರೆ ಎಂದಳು. ಯಾರು ಎಂದು ಕೇಳಿದರು. ನಮ್ಮತ್ತೆ ಎಂದಳು.

ಸಾಹೇಬರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿದರು. "ಅಂದ್ರೆ ಸುಳ್ಳು ಹೇಳಿದ್ರಿ."

"ಸುಳ್ಳು ಅಳತೆ ಅಂತ ಗೊತ್ತಿಲ್ದೆ ಕೊಟ್ಟೆ. ಗೊತ್ತಾದ ಮೇಲೆ ಬಂದು ಹೇಳ್ತಿದೀನಿ."

"ನಾಳೆ ಮೇಲಕ್ಕೆ ಹೋಗ್ತಿತ್ತು ಇದು. ನನ್ನ ಮಾನ ಹೋಗ್ತಿತ್ತು."

"ಅದಕ್ಕೇ ಇವತ್ತು ಬಂದೆ ಸರ್. ಸಿಮೆಂಟಿನ ಮೇಲೆ ಎರಡೂ ಒಂದೇ. ಕಲ್ಲಿನ ಮೇಲೆ ಬೇರೆ. ನಮ್ಮ ಓಣಿಗಳೆಲ್ಲ ಕಲ್ಲು. ನೀವೇ ಬಂದು ಗುರುತು ಹಾಕಿ. ನಮ್ಮ ಮನೆಯವರು ಸೀಮೆಸುಣ್ಣ ಮುಟ್ಟಲ್ಲ."

ಅವರು ಬರುವುದಿಲ್ಲ ಎಂದೇ ಅವಳು ಅಂದುಕೊಂಡಿದ್ದಳು. ಬಂದರು. ಒಂದು ಭಾನುವಾರ ಬೆಳಿಗ್ಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಮ್ಮದೇ ಉಕ್ಕಿನ ಟೇಪು ಹಿಡಿದುಕೊಂಡು ಹಿಂದಿನ ಓಣಿಗೆ ಬಂದರು. ಅತ್ತೆಯನ್ನು ಕ್ಷೌರದಂಗಡಿಯ ಬೆಂಚಿನ ಮೇಲೆ ಕೂರಿಸಿ, ಎರಡೂ ಕೈ ಶಾಲಿನೊಳಗೆ ಇಟ್ಟುಕೊಳ್ಳಬೇಕೆಂದು ಮಗ ಹೇಳಿದ್ದ.

"ಕಳ್ಳಿ ಅಂದ್ಕೊಂಡಿದಾರಾ ನನ್ನ?" ಎಂದು ಅವರು ಸಾಹೇಬರಿಗೆ ಕೇಳುವ ಹಾಗೆಯೇ ಗೊಣಗಿದರು.

"ಹೌದಮ್ಮ" ಎಂದರು ಸಾಹೇಬರು.

"ಸರಿ ಬಿಡಿ. ಇದ್ದದ್ದನ್ನ ಇದ್ದಂಗೆ ಹೇಳೋರು ಒಬ್ರಾದ್ರೂ ಸಿಕ್ರು."

ಗಟ್ಟಿ ಟೈರು ನಲ್ಲಿಯ ಹತ್ತಿರ ನಿಂತಿತು. ಸಾಹೇಬರು ಗೆರೆ ಎಳೆದರು. ಗಾಳಿ ಟೈರು ಮೆಟ್ಟಿಲಿಗೆ ಬಂತು. ಗೆರೆ ಎಳೆದರು. ಚಕ್ರ ಬದಲಾಯಿಸಿ ಮತ್ತೆ ಮಾಡಿಸಿದರು. ಅವರಿಗೇ ಅನುಮಾನ ಬಂದು, ಮೇಲೆ ಹೋಗಿ ದರ್ಜಿಯನ್ನು ಸರಿಸಿ ತಾವೇ ಕ್ಯಾರಿಯರ್ ಹಿಡಿದು ಬಿಟ್ಟರು. ಗಟ್ಟಿ ಟೈರು ಮತ್ತೆ ನಲ್ಲಿಯ ಹತ್ತಿರವೇ ನಿಂತಿತು. ಸಾಹೇಬರು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು, ಟೈರನ್ನು ನೋಡದೆ, ಕಲ್ಲುಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ಪಂಪಕ್ಕನ ಎದೆ ಹಗುರವಾಯಿತು. ಕಣ್ಣಾರೆ ಕಂಡ ಮೇಲೆ ಇನ್ನೇನಿದೆ ಎಂದುಕೊಂಡಳು.

ಅಧಿಕಾರಿ ಕಣ್ಣಾರೆ ಕಂಡದ್ದು ಬೇರೆ, ಕೈಯಾರೆ ಬರೆಯುವುದು ಬೇರೆ. ಕೆಲವು ದಿನ ಬಿಟ್ಟು ಉದ್ದಣ್ಣ ಗೋಡೆಗೆ ಅಂಟಿಸಿದ ವರದಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ. ಅದರಲ್ಲಿ ಪರೀಕ್ಷೆ ನಡೆದದ್ದು ನಿಜ ಎಂದಿತ್ತು. ಗಟ್ಟಿ ಟೈರು ಕಡಿಮೆ ದೂರ ಉರುಳಿದ್ದು ನಿಜ ಎಂದಿತ್ತು. ಟೈರಿನಲ್ಲಿ ಯಾವ ದೋಷವೂ ಇಲ್ಲ, ಸಿಮೆಂಟಿನ ಮೇಲೆ ಅದು ಸರಿಯಾಗಿಯೇ ಉರುಳುತ್ತದೆ; ದೋಷವಿರುವುದು ಓಣಿಯ ಕಲ್ಲುಗಳಲ್ಲಿ; ಈ ಕಲ್ಲುಗಳು ಇರುವವರೆಗೆ ಗಟ್ಟಿ ಟೈರು ತಕ್ಕಷ್ಟು ಉರುಳಲಾರದು; ಆದ್ದರಿಂದ ಕಲ್ಲುಗಳನ್ನು ತೆಗೆದು ಸಮ ಮಾಡಿಸಬೇಕೆಂದು ಪುರಸಭೆಗೆ ಪತ್ರ ಬರೆಯಲಾಗಿದೆ ಎಂದಿತ್ತು. ಕೆಳಗೆ, ತಡವಾಗುವವರ ಕುರಿತ ಹಳೆಯ ನೋಟಿಸ್ ಹಾಗೆಯೇ ಜಾರಿಯಲ್ಲಿರುತ್ತದೆ ಎಂದೂ ಇತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಂಪಕ್ಕನಿಗೆ ಸಿಟ್ಟಿನಲ್ಲಿ ಕಣ್ಣು ಕತ್ತಲಿಟ್ಟಿತು. ಇಷ್ಟು ಭಾನುವಾರ, ಇಷ್ಟು ಸಲ ಚಕ್ರ ಬಿಚ್ಚಿ ಹಾಕಿದ್ದು, ಅತ್ತೆಯನ್ನು ಊರ ಮುಂದೆ ಕಳ್ಳಿ ಮಾಡಿದ್ದು, ಎಲ್ಲ ಸೇರಿ ಒಂದು ಪತ್ರವಾಗಿ ಪುರಸಭೆಯ ಯಾವುದೋ ಕಪಾಟಿಗೆ ಹೋಗಿ ಬಿತ್ತು. ಆ ಕಲ್ಲುಗಳು ಅವಳ ಅಜ್ಜಿಯ ಕಾಲದಿಂದ ಇವೆ, ಅವಳ ಮೊಮ್ಮಕ್ಕಳ ಕಾಲಕ್ಕೂ ಇರುತ್ತವೆ. "ಸುಳ್ಳೇ ಚೆನ್ನಾಗಿತ್ತು, ನಾನು ಹೇಳಲಿಲ್ವಾ" ಎಂದ ಉದ್ದಣ್ಣ. ಅವಳು ಸೈಕಲ್ಲು ಎಳೆದುಕೊಂಡು ಹೊರಟಳು. ಮನೆಗೆ ಹೋಗಿ ಗಂಡನ ಮೇಲೆ ಕಾರಣವಿಲ್ಲದೆ ರೇಗಿದಳು, ಪಾತ್ರೆಗಳನ್ನು ಸದ್ದು ಮಾಡಿ ಇಟ್ಟಳು, ಅತ್ತೆಗೆ ಊಟ ಬಡಿಸುವಾಗ ಮುಖ ನೋಡಲಿಲ್ಲ. ಅತ್ತೆ ಅಪರೂಪಕ್ಕೆ ಬಾಯಿ ಮುಚ್ಚಿಕೊಂಡು ಉಂಡರು.

ತಟ್ಟೆ ತೊಳೆಯುತ್ತಿರುವಾಗ ವರದಿಯ ಒಂದು ಸಾಲು ಅವಳಿಗೆ ಮತ್ತೆ ನೆನಪಾಯಿತು. ಕೈ ಒರೆಸಿಕೊಂಡು ಹೋಗಿ ಸ್ಪ್ಯಾನರು ತೆಗೆದಳು.

ಬೆಳಿಗ್ಗೆ ಲ್ಯಾಬಿನ ಸ್ಟೋರು ತೆರೆಯುವಾಗ ಪಂಪಕ್ಕ ಬಾಗಿಲಲ್ಲೇ ನಿಂತಿದ್ದಳು. ಸೈಕಲ್ಲಿನಲ್ಲಿ ಹಳೆಯ ಚಕ್ರಗಳಿದ್ದವು. ಗಟ್ಟಿ ಟೈರಿನ ಎರಡೂ ಚಕ್ರಗಳನ್ನು ಸಾಹೇಬರ ಮೇಜಿಗೆ ಒರಗಿಸಿ ಇಟ್ಟಳು.

"ಇದೇನಿದು?"

"ಜೋಪಾನವಾಗಿ ಇಟ್ಟಿರಿ ಸರ್. ಕಲ್ಲು ತೆಗೆದ ದಿನ ಬಂದು ಹಾಕ್ಕೋತೀನಿ."

"ಯಾರ ಅಪ್ಪಣೆ ತಗೊಂಡ್ರಿ?"

"ನಿಮ್ಮದೇ. ಈ ಕಲ್ಲುಗಳು ಇರೋವರೆಗೆ ಗಟ್ಟಿ ಟೈರು ಉರುಳಲ್ಲ ಅಂತ ನೀವೇ ಬರೆದು ರುಜು ಹಾಕಿದೀರಿ. ಮೇಲಿನವರಿಗೂ ಹೋಗಿದೆ, ಪುರಸಭೆಗೂ ಹೋಗಿದೆ. ಉರುಳಲ್ಲ ಅಂತ ಗೊತ್ತಿದ್ದೂ ಅದರಲ್ಲೇ ಹೋಗು ಅಂತೀರಾ? ಹಂಗಾದ್ರೆ ಅದನ್ನೂ ಬರೆದು ಕೊಡಿ."

 ಸಾಹೇಬರು ವರದಿ ಸುಳ್ಳು ಎನ್ನುವಂತಿರಲಿಲ್ಲ; ನಿಜ ಎಂದರೆ ಚಕ್ರ ವಾಪಸ್ ತೆಗೆದುಕೊಳ್ಳಬೇಕಿತ್ತು. ಚಕ್ರದ ಒಂದು ಕಡ್ಡಿಯನ್ನು ಉಗುರಿನಿಂದ ಮೀಟಿದರು.

"ಪಂಕ್ಚರ್ ಆಗಿ ಒಂದೇ ಒಂದು ಪೆಟ್ಟಿಗೆ ಕೆಟ್ಟರೂ ಅದೇ ದಿನ ಬಾಟಲಿ ಕೋಣೆ" ಎಂದರು ಕೊನೆಗೆ. "ನೋಟಿಸ್ ಕೊಡಲ್ಲ, ಕಾರಣ ಕೇಳಲ್ಲ."

"ಆಗ್ಲಿ."

"ಬೇರೆಯವರಿಗೆ ಹೇಳ್ಕೊಂಡು ತಿರುಗಬೇಡಿ."

"ನಾನು ಯಾಕೆ ಹೇಳ್ಲಿ? ಗೋಡೆ ಮೇಲೆ ನೀವೇ ಅಂಟಿಸಿದೀರಲ್ಲ."

ಹೊರಗೆ ಬಂದಾಗ ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಬಾಟಲಿ ಕೋಣೆ ಇನ್ನೂ ಅಲ್ಲೇ ಇತ್ತು. ಒಂದು ಮೊಳೆ, ಒಂದು ಗಾಜಿನ ಚೂರು, ಅಷ್ಟು ದೂರದಲ್ಲಿತ್ತು. ಹಿತ್ತಲಿನ ಗುಜರಿ ರಾಶಿಯಲ್ಲಿ ಉದ್ದಣ್ಣ ಆಗಲೇ ಸೊಂಟದವರೆಗೆ ಮುಳುಗಿದ್ದ. ಅವನ ಉದ್ದ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಇನ್ನಿಬ್ಬರು ಅವನ ಹಿಂದೆ ಸರದಿಯಲ್ಲಿ ನಿಂತಿದ್ದರು.

"ಅಕ್ಕ, ನನ್ನ ಮುಂದಿನ ಚಕ್ರ ಸಿಕ್ತಿಲ್ಲ" ಎಂದು ಒಳಗಿನಿಂದಲೇ ಕೂಗಿದ.

"ನಿನ್ನದು ಕಣ್ಣಿಗೆ ಬೀಳಬೇಕಾದ್ರೆ ಕಣ್ಣು ಹೊರಗೆ ಇರಬೇಕು ಕಣೋ" ಎಂದು ಬೈದು, ಪೆಟ್ಟಿಗೆಗೆ ಐಸ್ ತುಂಬಿಸಿಕೊಂಡಳು. ಮಾತಿನಲ್ಲೇ ಹೊತ್ತಾಗಿತ್ತು. ಮೊದಲ ಕ್ಲಿನಿಕ್ಕಿನವರು ಆಗಲೇ ಬಾಗಿಲಿಗೆ ಬಂದು ದಾರಿ ನೋಡುತ್ತಿರುತ್ತಾರೆ. ಕಲ್ಲಿನ ಓಣಿಗೆ ತಿರುಗುವಾಗ ಅವಳು ಮುಂದೆ ನೋಡುತ್ತಿರಲಿಲ್ಲ. ನೆಲಕ್ಕೆ ಕಣ್ಣು ನೆಟ್ಟು ಮೊಳೆ ಹುಡುಕುತ್ತಾ ತುಳಿಯುತ್ತಿದ್ದಳು.